ಜಪಾನಿನ ಕಾಂಪೋ ವೈದ್ಯ: ಬರೆದುಕೊಡುವವರು ಎಲ್ಲರೂ, ಕಲಿತವರು ಎಷ್ಟು ಮಂದಿ?

ದ್ರವ್ಯಗುಣದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಆಯುರ್ವೇದ ಕಾಲೇಜೊಂದರಲ್ಲಿ ದ್ರವ್ಯಗುಣ, ಎಂದರೆ ಔಷಧದ್ರವ್ಯಗಳ ಶಾಸ್ತ್ರ, ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ವಿಚಾರಗೋಷ್ಠಿಗಾಗಿ ಜಪಾನಿನ ಕಾಂಪೋ ವೈದ್ಯದ (ಚೀನೀ ಮೂಲದ, ಅಲ್ಲಿ ಬೆಳೆದ ಗಿಡಮೂಲಿಕೆ ಪದ್ಧತಿ) ಶಿಕ್ಷಣ ಮತ್ತು ಸಂಶೋಧನೆಯ ಕುರಿತು ಟಿಪ್ಪಣಿ ಬರೆಯಲು ಕುಳಿತರೆ, ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ತಿಳಿದವರು ಇಲ್ಲಿ ಇದ್ದಾರೆಂಬ ನಂಬಿಕೆಯಿಂದ ಕೇಳುತ್ತಿದ್ದೇನೆ.

ಅಲ್ಲಿ ನಮ್ಮ ಆಯುರ್ವೇದದ ಬಿ.ಎ.ಎಂ.ಎಸ್. ತರಹದ ಪ್ರತ್ಯೇಕ ಪದವಿಯೂ ಇಲ್ಲ, ಪ್ರತ್ಯೇಕ ನೋಂದಣಿಯೂ ಇಲ್ಲ. ಆಧುನಿಕ ವೈದ್ಯಶಾಸ್ತ್ರ ಓದಿ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದವನೇ ವೈದ್ಯ. ಬೇಕೆಂದಾಗ ಗಿಡಮೂಲಿಕೆಯ ಯೋಗಗಳನ್ನು (ಹಲವು ದ್ರವ್ಯ ಸೇರಿಸಿ ಮಾಡಿದ ಔಷಧಗಳನ್ನು) ಬರೆದುಕೊಡುವವನೂ ಅವನೇ. ಸರಕಾರಿ ಆರೋಗ್ಯ ವಿಮೆಯ ಪಟ್ಟಿಯಲ್ಲಿ 148 ಕಾಂಪೋ ಯೋಗಗಳಿದ್ದು, ದುಡಿಯುವ ವಯಸ್ಸಿನ ರೋಗಿ ಅವುಗಳ ಬೆಲೆಯಲ್ಲಿ ಶೇಕಡಾ 30ರಷ್ಟನ್ನು ಮಾತ್ರ ಕೊಡುತ್ತಾನೆ. ಸಮೀಕ್ಷೆಗಳ ಪ್ರಕಾರ ಹತ್ತು ವೈದ್ಯರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಕಾಂಪೋ ಬಳಸುತ್ತಾರೆ. ಆದರೆ ಇದೇ ವೈದ್ಯರು ತಮ್ಮ ಆರು ವರ್ಷದ ಓದಿನಲ್ಲಿ ಈ ಪದ್ಧತಿಯ ಬಗ್ಗೆ ಕೇಳುವುದು ಬೆರಳೆಣಿಕೆಯ ಉಪನ್ಯಾಸಗಳನ್ನು.

ಹೀಗಿರುವಾಗ ನನ್ನ ಪ್ರಶ್ನೆ ಎರಡು. ಒಂದು, ಪರಂಪರೆಯ ವೈದ್ಯ ಹೀಗೆ ಮುಖ್ಯವಾಹಿನಿಯೊಳಗೆ ಕರಗಿದ್ದರಿಂದ ಉಳಿದುಕೊಂಡಿತೇ, ಅಥವಾ ಉಳಿದದ್ದು ಕಂಪನಿಗಳು ಪೊಟ್ಟಣದಲ್ಲಿ ಮಾರುವ ಹರಳುಪುಡಿ ಮಾತ್ರವೇ? ಇನ್ನೊಂದು, ಅಲ್ಲಿನ ಸಂಶೋಧನೆ ಪರೀಕ್ಷಿಸುತ್ತಿರುವುದು ಕಾಂಪೋ ವೈದ್ಯವನ್ನೇ, ಇಲ್ಲವೇ ಬರೀ ಆ ಪುಡಿಯನ್ನೇ?

ಸೆಂದೈ ವಾಸಿ

ಮೇಷ್ಟ್ರೇ, ನಾನು ಜಪಾನಿನ ಸೆಂದೈ ನಗರದ ಪ್ರಯೋಗಾಲಯವೊಂದರಲ್ಲಿ ಜೀವರಸಾಯನ ವಿಭಾಗದಲ್ಲಿದ್ದೇನೆ, ವೈದ್ಯನಲ್ಲ. ಆದರೂ ಸುತ್ತಮುತ್ತ ವೈದ್ಯ ವಿದ್ಯಾರ್ಥಿಗಳೇ ಇರುವುದರಿಂದ ಕಂಡದ್ದನ್ನು ಹೇಳಬಲ್ಲೆ.

2001ರಲ್ಲಿ ವೈದ್ಯಶಿಕ್ಷಣದ ರಾಷ್ಟ್ರೀಯ ಮಾದರಿ ಪಠ್ಯಕ್ರಮ ಹೊರಬಂದಾಗ, ವಿದ್ಯಾರ್ಥಿ ಸಾಂಪ್ರದಾಯಿಕ ಔಷಧಗಳನ್ನು ಸ್ಥೂಲವಾಗಿ ವಿವರಿಸಬಲ್ಲವನಾಗಿರಬೇಕು ಎಂಬ ಒಂದೇ ಒಂದು ಸಾಲು ಅದರಲ್ಲಿ ಸೇರಿತು. ಆ ಒಂದು ಸಾಲಿನ ಬಲದಿಂದ ಕೆಲವೇ ವರ್ಷಗಳಲ್ಲಿ ದೇಶದ ಎಲ್ಲ ವೈದ್ಯಕೀಯ ವಿಶ್ವವಿದ್ಯಾಲಯಗಳಲ್ಲೂ ಕಾಂಪೋ ಪಾಠ ಶುರುವಾಯಿತು. ಎಷ್ಟು ಗಂಟೆ, ಯಾರು ಹೇಳಿಕೊಡಬೇಕು, ರೋಗಿಯ ಪಕ್ಕ ನಿಲ್ಲಿಸಿ ಕಲಿಸಬೇಕೇ ಎಂಬುದೆಲ್ಲ ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಒಂದು ಕಡೆ ಸ್ವತಂತ್ರ ವಿಭಾಗ, ಹೊರರೋಗಿ ಘಟಕ, ನಾಡಿ ಮತ್ತು ಹೊಟ್ಟೆ ಪರೀಕ್ಷೆಯ ಅಭ್ಯಾಸ ಎಲ್ಲವೂ ಇದ್ದರೆ, ಇನ್ನೊಂದು ಕಡೆ ಔಷಧಶಾಸ್ತ್ರದ ಅಧ್ಯಾಪಕರೇ ನಾಲ್ಕು ಉಪನ್ಯಾಸ ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ವೈದ್ಯರ ರಾಷ್ಟ್ರೀಯ ಪರೀಕ್ಷೆಯಲ್ಲಿ ಇದರ ಬಗ್ಗೆ ಪ್ರಶ್ನೆ ಬರುವುದು ಅಪರೂಪ. ಬಂದರೂ ಅಡ್ಡಪರಿಣಾಮದ ಕಡೆಯಿಂದಲೇ ಹೆಚ್ಚು. ಅಂಕ ಸಿಗದ ವಿಷಯವನ್ನು ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂಬುದನ್ನು ಪಾಠ ಮಾಡುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪೊಟ್ಟಣದ ವಿಷಯ. ಪ್ರತಿ ಯೋಗಕ್ಕೂ ಒಂದು ಸಂಖ್ಯೆ ಇದ್ದು, ಪೊಟ್ಟಣದ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಶೀತಕ್ಕೆ ಬಳಸುವ ಕಕ್ಕೊಂತೋ 1, ಮರೆವಿನ ಕಾಯಿಲೆಯವರ ಸಿಡುಕಿಗೆ ಯೊಕುಕಾನ್‌ಸಾನ್ 54, ಶಸ್ತ್ರಚಿಕಿತ್ಸೆಯ ನಂತರ ಕರುಳು ಸುಮ್ಮನಾದರೆ ದಾಯಿಕೆಂಚೂತೋ 100. ಅನೇಕ ವೈದ್ಯರು ಹೆಸರಿಗಿಂತ ಮೊದಲು ಸಂಖ್ಯೆಯನ್ನೇ ಹೇಳುತ್ತಾರೆ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ ಎಂದುಕೊಳ್ಳುತ್ತೇನೆ.

ಕಲಬುರಗಿ ಫಿಜಿಷಿಯನ್

ಇದರಲ್ಲಿ ಗೊಂದಲವೇನಿದೆ? ಕೆಲಸ ಮಾಡುವ ಔಷಧಿಯನ್ನು ಇಟ್ಟುಕೊಂಡು ಉಳಿದ ಸಿದ್ಧಾಂತವನ್ನು ಕೈಬಿಟ್ಟರು. ಒಬ್ಬ ವೈದ್ಯ, ಒಂದು ಪರವಾನಗಿ, ಒಂದು ಕಾನೂನು. ರೋಗಿಯ ದೃಷ್ಟಿಯಿಂದ ನಮ್ಮ ದೇಶದ ಏರ್ಪಾಟಿಗಿಂತ ಇದು ಸಾವಿರ ಪಾಲು ಮೇಲು.

ಚರಿತ್ರೆ ಓದುವವಳು

ಡಾಕ್ಟರೇ, ‘ಕೈಬಿಟ್ಟರು’ ಎನ್ನುವಷ್ಟು ಸರಳವಾಗಿ ಅದು ನಡೆಯಲಿಲ್ಲ. ಮೊದಲು ಕೈಬಿಟ್ಟದ್ದು ಇಡೀ ಪದ್ಧತಿಯನ್ನೇ, ಔಷಧಿ ಸಮೇತ.

ಜಪಾನನ್ನು ಆಧುನಿಕಗೊಳಿಸಲು ಹೊರಟ ಮೇಜಿ ಸರಕಾರ 1874ರಲ್ಲಿ ಹೊಸ ವೈದ್ಯವ್ಯವಸ್ಥೆಯ ನಿಯಮಾವಳಿಯನ್ನು ಹೊರಡಿಸಿತು. 1883ರ ನಿಯಮದ ಪ್ರಕಾರ ಪಾಶ್ಚಾತ್ಯ ವೈದ್ಯವಿಷಯಗಳ ಪರೀಕ್ಷೆ ಪಾಸಾಗದೆ ಹೊಸಬರು ಯಾರೂ ವೈದ್ಯರಾಗುವಂತಿರಲಿಲ್ಲ. ಆಗಲೇ ವೃತ್ತಿಯಲ್ಲಿದ್ದ ಹಳೆಯ ವೈದ್ಯರು ಬದುಕಿರುವವರೆಗೆ ನಡೆಸಬಹುದಿತ್ತು, ಆದರೆ ಅವರ ಮಕ್ಕಳಿಗೂ ಶಿಷ್ಯರಿಗೂ ಆ ದಾರಿ ಮುಚ್ಚಿತು. ಕಾಂಪೋ ವೈದ್ಯರು ಸಂಘ ಕಟ್ಟಿಕೊಂಡು ಹೋರಾಡಿ, ತಮ್ಮ ಪದ್ಧತಿಗೂ ಪರವಾನಗಿ ಬೇಕೆಂಬ ಮಸೂದೆಯನ್ನು ಸಂಸತ್ತಿಗೆ ತಂದರು. 1895ರಲ್ಲಿ ಅದು ಬಿದ್ದುಹೋಯಿತು. ಚೀನಾದೊಂದಿಗೆ ಯುದ್ಧ ನಡೆಯುತ್ತಿದ್ದ ಹೊತ್ತು ಅದು, ಚೀನೀ ಮೂಲದ ವಿದ್ಯೆಯ ಪರ ನಿಲ್ಲಲು ಒಳ್ಳೆಯ ಕಾಲವಂತೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಈ ವಿದ್ಯೆಯನ್ನು ಉಳಿಸಿದವರು ಪಾಶ್ಚಾತ್ಯ ವೈದ್ಯಪದವಿ ಪಡೆದೂ ಹಳೆಯ ಗ್ರಂಥಗಳ ಕಡೆ ಹೊರಳಿದ ಕೆಲವೇ ಮಂದಿ. ಒತ್ಸುಕಾ ಕೈಸೆತ್ಸು, ಯಾಕಾಜು ದೋಮೈ ಮೊದಲಾದವರು ಆ ಪೀಳಿಗೆಯವರು. 1950ರಲ್ಲಿ ಜಪಾನಿನ ಪ್ರಾಚ್ಯ ವೈದ್ಯ ಸಂಘ ಸ್ಥಾಪನೆಯಾಯಿತು. 1972ರಲ್ಲಿ ಟೋಕಿಯೋದ ಕಿತಾಸಾತೋ ಸಂಸ್ಥೆಯಲ್ಲಿ ಪ್ರಾಚ್ಯ ವೈದ್ಯದ ಸಂಶೋಧನಾ ಕೇಂದ್ರ ತೆರೆದಾಗ ಒತ್ಸುಕಾ ಅವರೇ ಅದರ ಮೊದಲ ಮುಖ್ಯಸ್ಥರಾದರು. ವಿಮೆಯ ಪಟ್ಟಿಗೆ 1967ರಲ್ಲಿ ಸೇರಿದ್ದು ನಾಲ್ಕೇ ಯೋಗಗಳು. ದೊಡ್ಡ ಸಂಖ್ಯೆಯಲ್ಲಿ ಸೇರಿದ್ದು 1976ರಲ್ಲಿ, ಆಗ ಜಪಾನ್ ವೈದ್ಯಕೀಯ ಸಂಘದ ಅಧ್ಯಕ್ಷರಾಗಿದ್ದ ತಾಕೆಮಿ ತಾರೋ ಅವರ ಒತ್ತಾಸೆಯಿಂದ. ಎಂದರೆ, ಮೊದಲು ಔಷಧ ವಿಮೆಗೆ ಬಂತು, ಕಾಲು ಶತಮಾನದ ನಂತರ ಪಾಠ ತರಗತಿಗೆ ಬಂತು. ಈ ತಲೆಕೆಳಗಾದ ಕ್ರಮವೇ ಇಂದಿನ ಸ್ಥಿತಿಗೆ ಕಾರಣವೆಂಬುದು ನನ್ನ ಅಭಿಪ್ರಾಯ.

ಕಲಬುರಗಿ ಫಿಜಿಷಿಯನ್

ಮೇಡಂ, ನೀವು ಹೇಳಿದ 1976ರ ಸೇರ್ಪಡೆಯಲ್ಲಿ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಹೊಸ ಔಷಧಕ್ಕೆ ಕೇಳುವ ಮಟ್ಟದ ರೋಗಿಗಳ ಮೇಲಿನ ಪ್ರಯೋಗಗಳನ್ನು ಈ ಯೋಗಗಳಿಗೆ ಕೇಳಲೇ ಇಲ್ಲ. ಬಹುಕಾಲದ ಬಳಕೆಯನ್ನೇ ಪುರಾವೆಯೆಂದು ಒಪ್ಪಿಕೊಂಡರು. ಮರುಮೌಲ್ಯಮಾಪನಕ್ಕೆಂದು ಎಂಟು ಯೋಗಗಳನ್ನು ಗುರುತಿಸಿದ್ದು 1991ರಲ್ಲಿ. ಸಂಶೋಧನೆ ಎಂಬುದು ಅಲ್ಲಿ ಮಾರಾಟವನ್ನು ಹಿಂಬಾಲಿಸಿದೆ.

ಹಸಿರೆಲೆ (ಬಿ.ಎ.ಎಂ.ಎಸ್. ಮೂರನೆಯ ವರ್ಷ)

‘ಶೋ’ ಎಂದರೆ ಏನೆಂದು ಯಾರಾದರೂ ದಯವಿಟ್ಟು ಹೇಳುವಿರಾ? ಓದಿದ ಲೇಖನಗಳಲ್ಲೆಲ್ಲ ಅದೊಂದನ್ನೇ ಹೇಳುತ್ತಾರೆ.

ಸೆಂದೈ ವಾಸಿ

ರೋಗದ ಹೆಸರಿನ ಬದಲು ರೋಗಿಯ ಆ ಹೊತ್ತಿನ ಒಟ್ಟು ಸ್ಥಿತಿಯನ್ನು ಹೇಳುವ ನಿರ್ಣಯ ಅದು. ದೇಹ ಬಲವಾಗಿ ಎದುರಿಸುತ್ತಿದೆಯೇ ಸೋತಿದೆಯೇ, ಚಳಿಯೋ ಸೆಕೆಯೋ, ಪ್ರಾಣಶಕ್ತಿ, ರಕ್ತ, ದ್ರವ ಈ ಮೂರರಲ್ಲಿ ಯಾವುದು ಕುಂಠಿತವಾಗಿದೆ ಅಥವಾ ತಪ್ಪು ಜಾಗದಲ್ಲಿ ನಿಂತಿದೆ ಎಂಬುದನ್ನು ನಾಡಿ, ನಾಲಿಗೆ, ಹೊಟ್ಟೆ ನೋಡಿ ತೀರ್ಮಾನಿಸುತ್ತಾರೆ. ಹೊಟ್ಟೆಯ ಪರೀಕ್ಷೆಯಂತೂ ಚೀನಾದಲ್ಲಿ ಇಲ್ಲದಷ್ಟು ವಿಸ್ತಾರವಾಗಿ ಜಪಾನಿನಲ್ಲಿ ಬೆಳೆಯಿತು. ಸಾಮಾನ್ಯ ಆಸ್ಪತ್ರೆಯಲ್ಲಿ ಹೊಟ್ಟೆ ಮುಟ್ಟಿ ನೋಡುವಾಗ ಮಂಡಿ ಮಡಿಸಿ ಮಲಗಲು ಹೇಳುತ್ತಾರಲ್ಲವೇ? ಕಾಂಪೋದಲ್ಲಿ ಕಾಲು ಚಾಚಿಯೇ ಮಲಗಿಸುತ್ತಾರೆ, ಏಕೆಂದರೆ ಅಲ್ಲಿ ನೋಡಬೇಕಾದದ್ದು ಒಳಗಿನ ಅಂಗಕ್ಕಿಂತ ಹೆಚ್ಚಾಗಿ ಹೊಟ್ಟೆಯ ಗೋಡೆಯ ಬಿಗಿತವನ್ನು. ಪಕ್ಕೆಲುಬಿನ ಕೆಳಗೆ ಒತ್ತಿದರೆ ಅಡ್ಡಿ ಸಿಕ್ಕರೆ ಒಂದು ಗುಂಪಿನ ಯೋಗ, ಹೊಕ್ಕುಳಿನ ಪಕ್ಕ ಒತ್ತಿದರೆ ನೋವಾದರೆ ಇನ್ನೊಂದು ಗುಂಪಿನದು. ಇದನ್ನು ಕಲಿಸಲೆಂದೇ ಹೊಟ್ಟೆಯ ಕೃತಕ ಮಾದರಿಗಳನ್ನು ತಯಾರಿಸಿದ್ದಾರೆ; ವಿದ್ಯಾರ್ಥಿಗಳು ಅವುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ.

ಚರಿತ್ರೆ ಓದುವವಳು

ಹೊಟ್ಟೆ ಪರೀಕ್ಷೆಗೆ ಅಷ್ಟು ಮಹತ್ವ ಬಂದದ್ದರಲ್ಲಿ ಯೊಶಿಮಾಸು ತೋದೋ (1702–1773) ಅವರ ಪಾತ್ರ ದೊಡ್ಡದು. ಯಿನ್-ಯಾಂಗ್, ಪಂಚತತ್ತ್ವಗಳ ಮಾತೆಲ್ಲ ಬರೀ ಊಹೆ, ಕಣ್ಣಿಗೆ ಕಾಣುವ, ಕೈಗೆ ಸಿಗುವ ಲಕ್ಷಣಕ್ಕೆ ತಕ್ಕ ಯೋಗ ಕೊಟ್ಟರೆ ಸಾಕು ಎಂದು ವಾದಿಸಿದವರು ಅವರು. ಚೀನಾದ ಹಾನ್ ಕಾಲದ ವೈದ್ಯ ಜಾಂಗ್ ಜೊಂಗ್‌ಜಿಂಗ್ ಅವರ ಜ್ವರಗ್ರಂಥವನ್ನೇ ಮೂಲವಾಗಿ ಹಿಡಿದುಕೊಂಡು ನಂತರದ ಸಿದ್ಧಾಂತದ ಪದರಗಳನ್ನು ಅವರು ಬದಿಗೆ ಸರಿಸಿದರು.

ಆದ್ದರಿಂದ ಸಿದ್ಧಾಂತವನ್ನು ಕೈಬಿಟ್ಟದ್ದು ಆಧುನಿಕರು ಎಂಬ ಡಾಕ್ಟರ ಮಾತಿಗೆ ನನ್ನ ತಿದ್ದುಪಡಿ ಇಷ್ಟೇ: ಆ ಕೆಲಸದ ಬಹುಪಾಲನ್ನು 18ನೆಯ ಶತಮಾನದ ಕಾಂಪೋ ವೈದ್ಯರೇ ಮಾಡಿಟ್ಟಿದ್ದರು. ಲಕ್ಷಣಕ್ಕೆ ಯೋಗವನ್ನು ನೇರವಾಗಿ ಜೋಡಿಸುವ ಪದ್ಧತಿ ಆಗಲೇ ಇದ್ದುದರಿಂದ, ಲಕ್ಷಣದ ಜಾಗದಲ್ಲಿ ರೋಗದ ಹೆಸರನ್ನು ಇಟ್ಟುಬಿಡುವುದು ಮುಂದಿನವರಿಗೆ ಸುಲಭವಾಯಿತು.

ಕಹಿಬೇವು

ಎಲ್ಲರೂ ಚೀನಾ, ಜಪಾನ್ ಎನ್ನುತ್ತಿದ್ದೀರಿ. ಇದೆಲ್ಲದರ ಮೂಲ ಭಾರತ ಎಂಬುದನ್ನು ಯಾರೂ ಹೇಳುತ್ತಿಲ್ಲ. ಬೌದ್ಧ ಭಿಕ್ಷುಗಳು ಆಯುರ್ವೇದವನ್ನೇ ಒಯ್ದದ್ದು, ಅವರು ಹೆಸರು ಬದಲಾಯಿಸಿಕೊಂಡರು.

ಚರಿತ್ರೆ ಓದುವವಳು

ಭಾರತದ ದ್ರವ್ಯಗಳು ಅಲ್ಲಿಗೆ ಹೋದದ್ದು ನಿಜ, ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೂ ಇದೆ. ನಾರಾ ನಗರದ ತೋದಾಯಿಜಿ ದೇವಾಲಯಕ್ಕೆ 756ರಲ್ಲಿ ಸಾಮ್ರಾಜ್ಞಿ ಕೋಮ್ಯೋ 60 ಬಗೆಯ ಔಷಧದ್ರವ್ಯಗಳನ್ನು ಅರ್ಪಿಸಿದಳು. ಆ ಪಟ್ಟಿ ಇಂದಿಗೂ ಉಳಿದಿದೆ, ದ್ರವ್ಯಗಳಲ್ಲಿ ಕೆಲವು ಆ ದೇವಾಲಯದ ಶೋಸೋಯಿನ್ ಭಂಡಾರದಲ್ಲಿ ಉಳಿದಿವೆ. ಅಳಲೆಕಾಯಿ, ಹಿಪ್ಪಲಿ, ಕರಿಮೆಣಸು ಆ ಪಟ್ಟಿಯಲ್ಲಿ ಇವೆ. ದ್ರವ್ಯ ಹೋದ ಮಾತ್ರಕ್ಕೆ ಶಾಸ್ತ್ರವೂ ಹೋಯಿತೆಂದಲ್ಲ. ಕಾಂಪೋ ಯೋಗಗಳ ರಚನೆ, ರೋಗನಿರ್ಣಯದ ಕ್ರಮ ಎರಡೂ ಚೀನೀ ಗ್ರಂಥಗಳಿಂದ ಬಂದು ಜಪಾನಿನಲ್ಲಿ ಬೇರೆ ರೂಪ ತಾಳಿದವು. ಇಂದಿನ 148 ಯೋಗಗಳಲ್ಲಿ ತ್ರಿದೋಷದ ಲೆಕ್ಕಾಚಾರ ಎಲ್ಲಿದೆಯೆಂದು ನೀವೇ ತೋರಿಸಿ.

ಕಹಿಬೇವು

ತೋರಿಸುವೆ, ಸಮಯ ಕೊಡಿ.

ಅಂಕಿಸಂಖ್ಯೆ

ಮೇಷ್ಟ್ರ ಎರಡನೆಯ ಪ್ರಶ್ನೆಗೆ ಯಾರೂ ಬರಲಿಲ್ಲವೆಂದು ಬರೆಯುತ್ತಿದ್ದೇನೆ. ನನ್ನ ವೃತ್ತಿ ಔಷಧ ಪ್ರಯೋಗಗಳ ಸಂಖ್ಯಾಶಾಸ್ತ್ರ.

ಕಾಂಪೋ ಬಗ್ಗೆ ಯಾದೃಚ್ಛಿಕ ಪ್ರಯೋಗಗಳೇ (ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಹೋಲಿಸುವಂಥವು) ಇಲ್ಲವೆಂಬುದು ತಪ್ಪು. ಪ್ರಾಚ್ಯ ವೈದ್ಯ ಸಂಘದವರು ಅಂಥ ಪ್ರಯೋಗಗಳನ್ನು ಹುಡುಕಿ, ಒಂದೊಂದಕ್ಕೂ ಸಾರಾಂಶದ ಜೊತೆ ವಿಮರ್ಶೆಯನ್ನೂ ಬರೆದು ಪ್ರಕಟಿಸಿದ್ದಾರೆ. ಅವುಗಳ ಸಂಖ್ಯೆ ನಾನೂರರ ಆಸುಪಾಸು. ಸಂಖ್ಯೆ ಸಣ್ಣದಲ್ಲ, ಆದರೆ ಬಹಳಷ್ಟು ಪ್ರಯೋಗಗಳು ಚಿಕ್ಕವು, ಸುಳ್ಳು ಔಷಧದ (ನೋಡಲು ಔಷಧದಂತಿದ್ದು ಔಷಧಾಂಶವಿಲ್ಲದ್ದು) ಹೋಲಿಕೆ ಇಲ್ಲದವು.

ಎರಡು ಉದಾಹರಣೆ ಕೊಡುತ್ತೇನೆ, ಏಕೆಂದರೆ ಎರಡರಲ್ಲೂ ಕಥೆ ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಯೊಕುಕಾನ್‌ಸಾನ್ ಬಗ್ಗೆ 2005ರಲ್ಲಿ ಸೆಂದೈಯ ತೋಹೊಕು ವಿಶ್ವವಿದ್ಯಾಲಯದ ತಂಡ 52 ರೋಗಿಗಳ ಪ್ರಯೋಗವೊಂದನ್ನು ಪ್ರಕಟಿಸಿತು. ಮರೆವಿನ ಕಾಯಿಲೆಯವರ ಉದ್ರೇಕ, ಭ್ರಮೆ ಮೊದಲಾದವು ನಾಲ್ಕು ವಾರಗಳಲ್ಲಿ ಕಡಿಮೆಯಾದವೆಂದು ಫಲಿತಾಂಶ. ಅದರಿಂದ ಈ ಯೋಗಕ್ಕೆ ಬಂದ ಪ್ರಸಿದ್ಧಿ ಅಷ್ಟಿಷ್ಟಲ್ಲ. ಆದರೆ ಹೋಲಿಕೆಯ ಗುಂಪಿಗೆ ಸುಳ್ಳು ಔಷಧ ಕೊಟ್ಟಿರಲಿಲ್ಲ. ಮುಂದೆ ಆಲ್ಜೈಮರ್ ರೋಗಿಗಳಲ್ಲಿ ಸುಳ್ಳು ಔಷಧದೊಂದಿಗೆ ಹೋಲಿಸಿ ಹಲವು ಆಸ್ಪತ್ರೆಗಳಲ್ಲಿ 145 ಮಂದಿಯ ಮೇಲೆ ಪ್ರಯೋಗ ನಡೆದಾಗ, 2017ರ ವರದಿಯಂತೆ, ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು ಗೋಶಾಜಿಂಕಿಗಾನ್. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಔಷಧದಿಂದ ಕೈಕಾಲು ಜೋಮು ಹಿಡಿಯುವುದನ್ನು ಇದು ತಡೆಯಬಹುದೆಂದು ಮೊದಲಿನ ಸಣ್ಣ ಅಧ್ಯಯನಗಳು ಭರವಸೆ ಕೊಟ್ಟವು. ದೊಡ್ಡ ಪ್ರಯೋಗವನ್ನು ಮಧ್ಯಂತರ ವಿಶ್ಲೇಷಣೆಯ ಹಂತದಲ್ಲೇ ನಿಲ್ಲಿಸಬೇಕಾಯಿತು. ಔಷಧ ತೆಗೆದುಕೊಂಡವರಲ್ಲೇ ಜೋಮು ಹೆಚ್ಚು ಕಂಡಿತ್ತು.

ಈಗ ಮೇಷ್ಟ್ರ ಪ್ರಶ್ನೆ. ಈ ಪ್ರಯೋಗಗಳಿಗೆ ರೋಗಿಗಳನ್ನು ಆರಿಸಿದ್ದು ರೋಗದ ಹೆಸರಿನಿಂದ, ‘ಶೋ’ ನೋಡಿ ಅಲ್ಲ. ಹಾಗಾಗಿ ಪರೀಕ್ಷೆಗೆ ಒಳಗಾದದ್ದು ಪುಡಿಯೇ. ಇದನ್ನು ದೋಷವೆಂದು ಕರೆಯಲು ನಾನು ಸಿದ್ಧನಿಲ್ಲ, ಏಕೆಂದರೆ ದೇಶದ ಬಹುಪಾಲು ವೈದ್ಯರು ಆ ಪುಡಿಯನ್ನು ಬರೆಯುವುದೂ ಹಾಗೆಯೇ.

ದ್ರವ್ಯಗುಣದ ಮೇಷ್ಟ್ರು

ಬಹಳ ಉಪಯುಕ್ತವಾದ ಉತ್ತರ. ಆದರೆ ಹೀಗೆ ಕೇಳಲು ಬಿಡಿ: ‘ಶೋ’ಗೆ ಹೊಂದದವರಿಗೂ ಕೊಟ್ಟ ಮೇಲೆ ಫಲ ಕಾಣದಿದ್ದರೆ, ಅದರ ಹೊಣೆಯನ್ನು ಯೋಗದ ಮೇಲೆ ಹೊರಿಸುವುದು ನ್ಯಾಯವೇ? ಶೋಸೈಕೋತೋ ಎಂಬ ಯೋಗದ ಪ್ರಕರಣವನ್ನು ನಮ್ಮ ಹಿರಿಯರು ಹೀಗೆಯೇ ವಿವರಿಸುತ್ತಾರೆ. ಯಕೃತ್ತಿನ ಉರಿಯೂತ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಹಂಚಿದರು, ಅನಾಹುತವಾಯಿತು ಎಂದು.

ಕಲಬುರಗಿ ಫಿಜಿಷಿಯನ್

ಆ ವಿವರಣೆಯನ್ನು ನಾನೂ ಕೇಳಿದ್ದೇನೆ, ಒಪ್ಪುವುದಿಲ್ಲ. ನಡೆದದ್ದೇನೆಂದು ಓದುಗರಿಗೆ ತಿಳಿಯಲಿ. ದೀರ್ಘಕಾಲದ ಯಕೃತ್ತಿನ ಉರಿಯೂತಕ್ಕೆ 1980ರ ದಶಕದಿಂದ ಶೋಸೈಕೋತೋ ಭಾರೀ ಪ್ರಮಾಣದಲ್ಲಿ ಬಳಕೆಯಾಯಿತು. ಅದೇ ಕಾಯಿಲೆಗೆ ಕೊಡುವ ಇಂಟರ್‌ಫೆರಾನ್ ಜೊತೆಗೆ ಇದನ್ನು ಕೊಡಬಾರದೆಂಬ ನಿಷೇಧ 1994ರಲ್ಲಿ ಬಂತು. 1996ರ ಮಾರ್ಚಿನಲ್ಲಿ ಆರೋಗ್ಯ ಸಚಿವಾಲಯವೇ ತುರ್ತು ಎಚ್ಚರಿಕೆ ಹೊರಡಿಸಿತು: ಎರಡು ವರ್ಷಗಳಲ್ಲಿ 88 ಮಂದಿಗೆ ಶ್ವಾಸಕೋಶದ ತೆರಪಿನ ಉರಿಯೂತ (ಇಂಟರ್‌ಸ್ಟಿಷಿಯಲ್ ನ್ಯುಮೋನಿಯಾ), ಅವರಲ್ಲಿ 10 ಮಂದಿ ಸಾವು.

ಈಗ ಹೇಳಿ, ಔಷಧಕ್ಕೆ ಶ್ವಾಸಕೋಶ ಹೀಗೆ ಕೆರಳುವುದು ಪ್ರತಿರೋಧ ವ್ಯವಸ್ಥೆಯ ಪ್ರತಿಕ್ರಿಯೆ. ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿ ಅದನ್ನು ಮೊದಲೇ ಗುರುತಿಸಬಹುದಿತ್ತೆಂಬುದಕ್ಕೆ ಪುರಾವೆ ಎಲ್ಲಿದೆ? ಗುಣವಾದರೆ ಯೋಗದ ಹೆಗ್ಗಳಿಕೆ, ಕೆಟ್ಟರೆ ‘ಶೋ’ ನೋಡದವನ ತಪ್ಪು ಎಂದರೆ, ಆ ವಾದವನ್ನು ಸೋಲಿಸಲು ಯಾವ ಪ್ರಯೋಗಕ್ಕೂ ಆಗುವುದಿಲ್ಲ. ಸೋಲಲಾರದ ವಾದ ವಿಜ್ಞಾನದ ಚೌಕಟ್ಟಿಗೆ ಬರುವುದಿಲ್ಲ.

ಔಷಧಿ ಅಂಗಡಿಯ ಸವಿತಾ

ಡಾಕ್ಟರ್ ಹೇಳಿದ್ದರಲ್ಲಿ ಹುರುಳಿದೆ. ಆದರೂ ಅಪಾಯಗಳೆಲ್ಲವೂ ಒಂದೇ ಜಾತಿಯವಲ್ಲ. ನಾನು ಎಂ.ಫಾರ್ಮಾ ಓದಿದ್ದು ಔಷಧೀಯ ಸಸ್ಯಗಳ ಪರೀಕ್ಷೆಯಲ್ಲಿ. ಆ ಕಡೆಯಿಂದ ನಾಲ್ಕು ಮಾತು.

ಅತಿಮಧುರವನ್ನು ತೆಗೆದುಕೊಳ್ಳಿ. ವಿಮೆಯ ಪಟ್ಟಿಯ ಯೋಗಗಳಲ್ಲಿ ಸುಮಾರು ಶೇಕಡಾ 70ರಲ್ಲಿ ಅದು ಇದೆ. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಘಟಕ ಕರುಳಿನ ಸೂಕ್ಷ್ಮಜೀವಿಗಳಿಂದ ಒಡೆದು ರಕ್ತಕ್ಕೆ ಸೇರಿದಾಗ, ದೇಹದಲ್ಲಿ ಉಪ್ಪು ನಿಂತು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರಬಹುದು. ಕಾಲಿನ ಸ್ನಾಯುಸೆಳೆತಕ್ಕೆ ಕೊಡುವ ಶಾಕುಯಾಕುಕಾಂಜೋತೋದ ಒಂದು ದಿನದ ಪೂರ್ಣ ಪ್ರಮಾಣದಲ್ಲಿ ಅತಿಮಧುರವೇ 6 ಗ್ರಾಂ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ವೃದ್ಧರಿಗೆ ಇದನ್ನು ತಿಂಗಳುಗಟ್ಟಲೆ ಕೊಟ್ಟರೆ ಏನಾಗುತ್ತದೆಂದು ತಿಳಿಯಲು ‘ಶೋ’ ಬೇಕಾಗಿಲ್ಲ, ಔಷಧಶಾಸ್ತ್ರ ಸಾಕು. ಗಾರ್ಡೇನಿಯಾ ಕಾಯಿ ಇರುವ ಯೋಗಗಳನ್ನು ಐದಾರು ವರ್ಷಕ್ಕಿಂತ ಹೆಚ್ಚು ಕಾಲ ಸೇವಿಸಿದವರಲ್ಲಿ ಕರುಳಿನ ಅಭಿಧಮನಿಗಳು ಗಡುಸಾಗುವ ಕಾಯಿಲೆ ಕಂಡದ್ದರಿಂದ 2018ರಲ್ಲಿ ಆ ಎಚ್ಚರಿಕೆಯನ್ನು ಔಷಧದ ವಿವರಪತ್ರಕ್ಕೆ ಸೇರಿಸಿದರು. ಇಂಥ ಸಂಗತಿಗಳನ್ನು ದಾಖಲಿಸಲು ಸಾಧ್ಯವಾದದ್ದೇ ಕಾಂಪೋ ಅಲ್ಲಿ ಸಾಮಾನ್ಯ ಔಷಧದ ಸಾಲಿನಲ್ಲಿ ಇರುವುದರಿಂದ. ಚೂರ್ಣವನ್ನು ಕಾಗದದಲ್ಲಿ ಕಟ್ಟಿ ಕೊಟ್ಟಿದ್ದರೆ ಐದು ವರ್ಷದ ಲೆಕ್ಕ ಇಡುವವರು ಯಾರು?

ಇನ್ನೊಂದು, ಗಿಡದ ಗುರುತು. ಜಪಾನಿನ ಔಷಧಕೋಶದಲ್ಲಿ ‘ಮೊಕುತ್ಸು’ ಎಂದರೆ ಅಕೇಬಿಯಾ ಬಳ್ಳಿಯ ಕಾಂಡ. ಚೀನಾದಲ್ಲಿ ಅದನ್ನೇ ಹೋಲುವ ಹೆಸರಿನ ‘ಗುವಾನ್‌ಮುತೊಂಗ್’ (ಜಪಾನೀ ಉಚ್ಚಾರದಲ್ಲಿ ‘ಕನ್‌ಮೊಕುತ್ಸು’) ಅರಿಸ್ಟೊಲೋಕಿಯಾ ಎಂಬ ಬೇರೆ ಗಿಡ, ಮೂತ್ರಪಿಂಡಕ್ಕೆ ವಿಷ. ಹೀಗೆ ಬದಲಾದ ದ್ರವ್ಯ ಸೇರಿದ ಔಷಧದಿಂದ 1990ರ ದಶಕದಲ್ಲಿ ಜಪಾನಿನ ಕನ್ಸಾಯಿ ಭಾಗದಲ್ಲಿ ಕೆಲವರ ಮೂತ್ರಪಿಂಡ ಕೆಟ್ಟಿತು. ಕಚ್ಚಾದ್ರವ್ಯದ ಶೇಕಡಾ 80ಕ್ಕಿಂತ ಹೆಚ್ಚು ಚೀನಾದಿಂದ ಬರುವ ದೇಶಕ್ಕೆ ಇದು ಸಣ್ಣ ಪಾಠವಲ್ಲ. ಮೇಷ್ಟ್ರೇ, ನಿಮ್ಮ ವಿಚಾರಗೋಷ್ಠಿಯಲ್ಲಿ ಈ ಭಾಗವನ್ನು ದಯವಿಟ್ಟು ಬಿಡಬೇಡಿ. ದ್ರವ್ಯಗುಣದವರೇ ಹೇಳಬೇಕಾದ ಮಾತು ಇದು.

ಹಸಿರೆಲೆ (ಬಿ.ಎ.ಎಂ.ಎಸ್. ಮೂರನೆಯ ವರ್ಷ)

ಸವಿತಾ ಮೇಡಂ, ಹಾಗಾದರೆ ಅಲ್ಲಿ ಔಷಧಶಾಸ್ತ್ರ ಓದುವವರಿಗೆ ವೈದ್ಯ ವಿದ್ಯಾರ್ಥಿಗಳಿಗಿಂತ ಹೆಚ್ಚು ಕಾಂಪೋ ತಿಳಿದಿರುತ್ತದೆಯೇ?

ಔಷಧಿ ಅಂಗಡಿಯ ಸವಿತಾ

ದ್ರವ್ಯದ ಮಟ್ಟಿಗೆ ಹೌದು. ಔಷಧಶಾಸ್ತ್ರದ ಪದವಿಯಲ್ಲಿ ಗಿಡದ ಗುರುತು, ರಾಸಾಯನಿಕ ಘಟಕ, ಯೋಗಗಳ ಪಾಠ ಹಳೆಯದು, ಪರೀಕ್ಷೆಯಲ್ಲೂ ಪ್ರಶ್ನೆ ಬರುತ್ತದೆ. ಆ ಪರಂಪರೆಯೂ ದೊಡ್ಡದು. ನಾಗಾಯಿ ನಾಗಾಯೋಶಿ ಅವರು ಬರ್ಲಿನ್‌ನಲ್ಲಿ ರಸಾಯನಶಾಸ್ತ್ರ ಕಲಿತು ಬಂದು, ಕಕ್ಕೊಂತೋದಲ್ಲಿ ಬಳಸುವ ಎಫೆಡ್ರಾ ಗಿಡದಿಂದ ಎಫೆಡ್ರಿನ್ ಅನ್ನು ಬೇರ್ಪಡಿಸಿದ್ದು 1885ರಲ್ಲಿ. ಕಾಂಪೋ ವೈದ್ಯರ ಪರವಾನಗಿಗೆ ಬಾಗಿಲು ಮುಚ್ಚಿದ ಅದೇ ದಶಕದಲ್ಲಿ ಅವರ ದ್ರವ್ಯಗಳು ಪ್ರಯೋಗಾಲಯಕ್ಕೆ ಬಂದವು ಎಂಬುದನ್ನು ಗಮನಿಸಿ.

ಸೆಂದೈ ವಾಸಿ

ಇದಕ್ಕೆ ತೋಯಾಮಾದ ಹೆಸರನ್ನು ಸೇರಿಸಬೇಕು. ಮನೆಮನೆಗೆ ಔಷಧದ ಪೆಟ್ಟಿಗೆ ಇಟ್ಟು ಹೋಗಿ, ಮುಂದಿನ ಸಲ ಬಂದಾಗ ಬಳಸಿದ್ದಕ್ಕೆ ಮಾತ್ರ ಹಣ ಪಡೆಯುತ್ತಿದ್ದ ಔಷಧ ವ್ಯಾಪಾರಿಗಳ ಊರು ಅದು. ಇಂದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಾಂಪ್ರದಾಯಿಕ ಔಷಧಗಳ ಸಂಶೋಧನಾ ಸಂಸ್ಥೆಯೂ, ಔಷಧದ್ರವ್ಯಗಳ ಸಂಗ್ರಹಾಲಯವೂ ಇವೆ. ಆಯುರ್ವೇದದ ದ್ರವ್ಯಗಳನ್ನೂ ಅಲ್ಲಿ ಸಂಗ್ರಹಿಸಿಟ್ಟಿದ್ದಾರೆ. ಕಹಿಬೇವು ಅವರಿಗೆ ಇದರಿಂದ ಸ್ವಲ್ಪ ಸಮಾಧಾನವಾಗಬಹುದು.

ಕರುಳಿನ ಸೂಕ್ಷ್ಮಜೀವಿಗಳ ಬಗ್ಗೆ ತೋಯಾಮಾದಲ್ಲಿ ನಡೆದ ಕೆಲಸ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ರೇವಲಚೀನಿ ಬೇರಿನ ಸೆನ್ನೊಸೈಡ್ ಎಂಬ ಘಟಕ ತಾನಾಗಿ ಭೇದಿ ಮಾಡಿಸುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಬೇರೆ ವಸ್ತುವನ್ನಾಗಿ ಮಾಡಿದ ಮೇಲೆಯೇ ಕೆಲಸ ಮಾಡುತ್ತದೆ. ಜಿನ್ಸೆಂಗ್‌ನ ಕೆಲವು ಘಟಕಗಳ ಕಥೆಯೂ ಹೀಗೆಯೇ. ಒಬ್ಬನ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಇನ್ನೊಬ್ಬನಲ್ಲಿ ಇಲ್ಲದಿದ್ದರೆ ಒಂದೇ ಯೋಗ ಇಬ್ಬರಲ್ಲಿ ಬೇರೆಬೇರೆ ಫಲ ಕೊಡುವುದು ಸಹಜ. ಹಳಬರು ‘ಶೋ’ ಎಂದು ಹಿಡಿಯಲು ಹೊರಟದ್ದರಲ್ಲಿ ಒಂದು ಅಂಶ ಇಂಥದ್ದೇ ಆಗಿರಬಹುದಲ್ಲವೇ, ಡಾಕ್ಟರೇ?

ಕಲಬುರಗಿ ಫಿಜಿಷಿಯನ್

ಆಗಿರಬಹುದು. ಹಾಗಿದ್ದರೆ ಮಲ ಪರೀಕ್ಷಿಸಿ ಔಷಧ ಕೊಡಿ, ಹೊಟ್ಟೆ ಒತ್ತುವುದೇಕೆ?

ಮಲೆನಾಡಿನ ಓದುಗ

ದಾಯಿಕೆಂಚೂತೋದ ಬಗ್ಗೆ ಒಂದು ಪ್ರಶ್ನೆ. ಅದರಲ್ಲಿ ಬಳಸುವ ಸಾನ್‌ಶೋ ನಮ್ಮ ಕಾಡಿನ ಜುಮ್ಮನಕಾಯಿಯೇ ಎಂದು ಒಬ್ಬರು ಹೇಳಿದರು. ನಿಜವೇ?

ಔಷಧಿ ಅಂಗಡಿಯ ಸವಿತಾ

ಒಂದೇ ಕುಲ, ಬೇರೆ ಪ್ರಭೇದ. ನಮ್ಮದು ದೊಡ್ಡ ಮುಳ್ಳುಮರ, ಅವರದು ಚಿಕ್ಕ ಗಿಡ. ಇವುಗಳಲ್ಲಿ ನಾಲಿಗೆ ಜುಮ್ಮೆನಿಸುವ ಸ್ಯಾನ್‌ಶೂಲ್ ಜಾತಿಯ ಘಟಕಗಳು ಕರುಳಿನ ಚಲನೆಯ ಮೇಲೂ ಪ್ರಭಾವ ಬೀರುತ್ತವೆ. ಕಾಂಪೋದಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಯೋಗಗಳಲ್ಲಿ ಇದೂ ಒಂದು. ಅಮೆರಿಕದ ಮೇಯೋ ಕ್ಲಿನಿಕ್‌ನವರೂ 60 ಆರೋಗ್ಯವಂತರ ಮೇಲೆ ಪ್ರಯೋಗ ಮಾಡಿ 2010ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸಕರು ಇದನ್ನು ಧೈರ್ಯವಾಗಿ ಬಳಸುವುದಕ್ಕೆ ಕಾರಣವೂ ಇದೇ: ಸಿದ್ಧಾಂತ ತಿಳಿಯದಿದ್ದರೂ ಕ್ರಿಯೆಯ ದಾರಿ ತಿಳಿದಿದೆ. ಜುಮ್ಮನಕಾಯಿಯನ್ನು ಅದರ ಬದಲಿಗೆ ಬಳಸಬಹುದೆಂದು ಮಾತ್ರ ಯಾರೂ ತಿಳಿಯಬೇಡಿ.

ಚರಿತ್ರೆ ಓದುವವಳು

ಶಸ್ತ್ರಚಿಕಿತ್ಸೆಯ ಮಾತು ಬಂದದ್ದರಿಂದ ಹನಾವೊಕಾ ಸೈಶೂ (1760–1835) ಅವರನ್ನು ನೆನೆಯದೆ ಇರಲಾಗುವುದಿಲ್ಲ. ಉಮ್ಮತ್ತಿ, ವತ್ಸನಾಭಿ ಮೊದಲಾದ ಮೂಲಿಕೆಗಳ ಕಷಾಯ ಕುಡಿಸಿ, ಪೂರ್ತಿ ಪ್ರಜ್ಞೆ ತಪ್ಪಿಸಿ 1804ರಲ್ಲಿ ಸ್ತನದ ಕ್ಯಾನ್ಸರಿನ ಗಡ್ಡೆಯನ್ನು ತೆಗೆದವರು. ಪ್ರಜ್ಞೆ ತಪ್ಪಿಸಲು ಅಮೆರಿಕದಲ್ಲಿ ಬಳಸಿದ ಈಥರ್ ಬರಲು ಇನ್ನೂ ನಾಲ್ಕು ದಶಕ ಇತ್ತು. ಆ ಕಷಾಯದ ಪ್ರಮಾಣ ಕಂಡುಹಿಡಿಯುವ ಪ್ರಯೋಗಕ್ಕೆ ಒಡ್ಡಿಕೊಂಡ ಅವರ ಹೆಂಡತಿ ಕಣ್ಣು ಕಳೆದುಕೊಂಡರು.

ಶಿಕ್ಷಣದ ದೃಷ್ಟಿಯಿಂದ ನಾನು ಇದನ್ನು ಎತ್ತಿದ್ದು. ಅವರ ಶಾಲೆಗೆ ದೇಶದ ಮೂಲೆಮೂಲೆಯಿಂದ ಸಾವಿರಕ್ಕೂ ಹೆಚ್ಚು ಶಿಷ್ಯರು ಬಂದರು, ಆದರೆ ಕಲಿತದ್ದನ್ನು ಹೊರಗೆ ಹೇಳುವುದಿಲ್ಲವೆಂದು ಪ್ರಮಾಣ ಮಾಡಬೇಕಿತ್ತು. ಅವರು ತಮ್ಮ ವಿಧಾನವನ್ನು ಗ್ರಂಥವಾಗಿ ಪ್ರಕಟಿಸಲೂ ಇಲ್ಲ. ಗುರುಕುಲ ಪದ್ಧತಿಯನ್ನು ಕಳೆದುಕೊಂಡೆವೆಂದು ಹಲುಬುವವರು ಈ ಗುಟ್ಟಿನ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆರಳೆಣಿಕೆಯ ಉಪನ್ಯಾಸಗಳಾದರೂ ಎಲ್ಲರಿಗೂ ಸಿಗುವುದು ಒಂದು ಗಳಿಕೆಯೇ.

ದ್ರವ್ಯಗುಣದ ಮೇಷ್ಟ್ರು

ಗಳಿಕೆಯೆಂದು ಒಪ್ಪುತ್ತೇನೆ, ಸಾಕೆಂದು ಒಪ್ಪಲಾರೆ. ನಮ್ಮಲ್ಲಿ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಷಿಪ್ ಮುಗಿಸಿದ ಮೇಲೂ ನಾಡಿ ಹಿಡಿಯಲು ಹಿಂಜರಿಯುವ ಹುಡುಗರನ್ನು ನೋಡಿದ್ದೇನೆ. ಜಪಾನಿನಲ್ಲಿ ಪದವಿಯ ನಂತರ ಕಾಂಪೋ ಪರಿಣತಿ ಪಡೆಯಲು ದಾರಿಯೇನು?

ಸೆಂದೈ ವಾಸಿ

ಪ್ರಾಚ್ಯ ವೈದ್ಯ ಸಂಘ ಕೊಡುವ ತಜ್ಞ ಮಾನ್ಯತೆ ಇದೆ. ಮೊದಲು ಒಳರೋಗವೋ ಸ್ತ್ರೀರೋಗವೋ ಯಾವುದಾದರೊಂದು ಮೂಲ ವಿಭಾಗದಲ್ಲಿ ಅರ್ಹತೆ ಪಡೆದು, ನಂತರ ಮಾನ್ಯತೆಯಿರುವ ಕಡೆ ತರಬೇತಿ ಮುಗಿಸಿ ಪರೀಕ್ಷೆ ಬರೆಯಬೇಕು. ಅಂಥವರು ಇಡೀ ದೇಶದಲ್ಲಿ ಕೆಲವು ಸಾವಿರ ಮೀರುವುದಿಲ್ಲ. ವೈದ್ಯರ ಒಟ್ಟು ಸಂಖ್ಯೆ ಮೂರು ಲಕ್ಷಕ್ಕಿಂತ ಹೆಚ್ಚು. ಉಳಿದವರ ಕಲಿಕೆ ಬಹುಪಾಲು ಔಷಧ ಕಂಪನಿಗಳು ಏರ್ಪಡಿಸುವ ಉಪನ್ಯಾಸಗಳಿಂದ. ಮಾರುಕಟ್ಟೆಯ ಬಹುದೊಡ್ಡ ಪಾಲು ತ್ಸುಮುರಾ ಎಂಬ ಒಂದೇ ಸಂಸ್ಥೆಯದಾಗಿರುವಾಗ, ಯಾವ ಯೋಗದ ಬಗ್ಗೆ ಸಂಶೋಧನೆ ನಡೆಯಬೇಕು, ಯಾವುದನ್ನು ಕಲಿಸಬೇಕು ಎಂಬುದರಲ್ಲಿ ಅದರ ಮಾತಿಗೆ ತೂಕ ಬರದೆ ಇರುತ್ತದೆಯೇ? ನನಗೆ ಈ ವ್ಯವಸ್ಥೆಯಲ್ಲಿ ಅತ್ಯಂತ ಇರುಸುಮುರುಸು ಉಂಟುಮಾಡುವ ಭಾಗ ಇದು.

ಕಹಿಬೇವು

ಕಂಪನಿಗಳ ಹಿಡಿತದ ವೈದ್ಯವನ್ನು ಜನ ನಂಬುವುದಾದರೂ ಹೇಗೆ?

ಚರಿತ್ರೆ ಓದುವವಳು

ನಂಬುತ್ತಾರೆ. 2009ರ ಕೊನೆಯಲ್ಲಿ ಸರಕಾರಿ ಖರ್ಚು ಕಡಿತದ ಪರಿಶೀಲನೆ ನಡೆದಾಗ ಕಾಂಪೋವನ್ನು ವಿಮೆಯಿಂದ ತೆಗೆಯುವ ಸೂಚನೆ ಬಂತು. ವೈದ್ಯರು, ರೋಗಿಗಳು ಸೇರಿ ಕೆಲವೇ ವಾರಗಳಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಸೂಚನೆ ಅಲ್ಲಿಗೇ ನಿಂತಿತು. ತ್ರಿದೋಷದ ಲೆಕ್ಕ ಇನ್ನೂ ಬಂದಿಲ್ಲ ಎಂಬುದನ್ನು ನೆನಪಿಸುತ್ತೇನೆ.

ದ್ರವ್ಯಗುಣದ ಮೇಷ್ಟ್ರು

ಅಂಕಿಸಂಖ್ಯೆ ಅವರೇ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ ಚೀನಾ, ಜಪಾನ್, ಕೊರಿಯಾದ ಸಾಂಪ್ರದಾಯಿಕ ನಿರ್ಣಯಗಳಿಗೆ ಒಂದು ಅಧ್ಯಾಯ ಸೇರಿದೆ. 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳ ಭಾಗವೂ ಬಂತು. ರೋಗದ ಹೆಸರಿನ ಜೊತೆಗೆ ‘ಶೋ’ವನ್ನೂ ಸಂಕೇತವಾಗಿ ದಾಖಲಿಸಬಹುದೆಂದಾದರೆ ನೀವು ಹೇಳಿದ ತೊಡಕು ಬಿಡಿಸಬಹುದೇ?

ಅಂಕಿಸಂಖ್ಯೆ

ಸಂಕೇತ ಕೊಟ್ಟ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ ಎಂದು ಡಾಕ್ಟರು ಬರೆಯುವ ಮೊದಲೇ ನಾನು ಬರೆದುಬಿಡುತ್ತೇನೆ. ಆದರೂ ಅದರಿಂದ ಒಂದು ಉಪಯೋಗವಿದೆ. ಒಬ್ಬನೇ ರೋಗಿಯನ್ನು ಇಬ್ಬರು ತಜ್ಞರು ಪರಸ್ಪರ ಮಾತಾಡಿಕೊಳ್ಳದೆ ನೋಡಿ ಒಂದೇ ‘ಶೋ’ ಬರೆಯುತ್ತಾರೆಯೇ ಎಂಬುದನ್ನು ಮೊದಲು ಅಳೆಯಬಹುದು. ಅದರಲ್ಲಿ ಒಮ್ಮತ ಸಾಕಷ್ಟು ಕಂಡರೆ ಮುಂದಿನ ಹೆಜ್ಜೆ: ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೋಗದ ಹೆಸರು ನೋಡಿ ನಿಗದಿತ ಯೋಗ, ಇನ್ನೊಂದಕ್ಕೆ ತಜ್ಞರು ‘ಶೋ’ ನೋಡಿ ಆರಿಸಿದ ಯೋಗ. ಪೊಟ್ಟಣ ಎರಡೂ ಕಡೆ ಗುರುತಿಲ್ಲದ್ದು. ಈ ಪ್ರಯೋಗದಲ್ಲಿ ಪರೀಕ್ಷೆಗೆ ಒಳಗಾಗುವುದು ವೈದ್ಯನ ನಿರ್ಣಯವೇ. ಎರಡನೆಯ ಗುಂಪಿಗೆ ಹೆಚ್ಚು ಗುಣ ಕಾಣದಿದ್ದರೆ, ಬೆರಳೆಣಿಕೆಯ ಉಪನ್ಯಾಸ ಸಾಕು ಎಂದು ಡಾಕ್ಟರು ಹೇಳಬಹುದು. ಕಂಡರೆ, ಸಾಲದು ಎಂದು ಮೇಷ್ಟ್ರು ಹೇಳಬಹುದು.

ಕಲಬುರಗಿ ಫಿಜಿಷಿಯನ್

ಈ ಪ್ರಯೋಗಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಫಲಿತಾಂಶ ತಮಗೆ ವಿರುದ್ಧವಾಗಿ ಬಂದರೆ ಒಪ್ಪಿಕೊಳ್ಳುತ್ತೇವೆಂದು ತಜ್ಞರು ಮೊದಲೇ ಬರೆದುಕೊಡಬೇಕು. ಹಣ ಮಾತ್ರ ಔಷಧ ಕಂಪನಿಯಿಂದ ಬರಬಾರದು.

ದ್ರವ್ಯಗುಣದ ಮೇಷ್ಟ್ರು

ಅದೇ ಷರತ್ತು ನಿಮಗೂ ಅನ್ವಯಿಸಲಿ, ಡಾಕ್ಟರೇ. ವಿಚಾರಗೋಷ್ಠಿಯಲ್ಲಿ ಈ ಪ್ರಯೋಗದ ನಕ್ಷೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ತೂತುಗಳನ್ನು ಹುಡುಕಲು ಹೇಳುತ್ತೇನೆ. ಉದಾಹರಣೆಗೆ ದಾಯಿಕೆಂಚೂತೋವನ್ನೇ ತೆಗೆದುಕೊಳ್ಳುವ ಯೋಚನೆಯಿದೆ: ಶುಂಠಿ, ಜಿನ್ಸೆಂಗ್, ಸಾನ್‌ಶೋ, ಮೂರೇ ದ್ರವ್ಯ, ಅರ್ಥಮಾಡಿಸುವುದು ಸುಲಭ.

ಔಷಧಿ ಅಂಗಡಿಯ ಸವಿತಾ

ಮೂರಲ್ಲ, ನಾಲ್ಕು, ಮೇಷ್ಟ್ರೇ. ಮಾಲ್ಟ್ ಸಕ್ಕರೆಯನ್ನು ಬಿಟ್ಟಿದ್ದೀರಿ. ಆ ಪುಡಿಯ ದಿನದ ಪ್ರಮಾಣ 15 ಗ್ರಾಂ. ಅದರಲ್ಲಿ ಮೂರು ಮೂಲಿಕೆಗಳ ಸಾರ 1.25 ಗ್ರಾಂ, ಮಾಲ್ಟ್ ಸಕ್ಕರೆ 10 ಗ್ರಾಂ. ಹಳೆಯ ಗ್ರಂಥದಲ್ಲಿಯೂ ಅದನ್ನು ರುಚಿಗೆಂದು ಹೇಳಿಲ್ಲ, ಔಷಧದ ಅಂಗವೆಂದೇ ಎಣಿಸಿದ್ದಾರೆ. ಆದ್ದರಿಂದ ಸುಳ್ಳು ಔಷಧದ ಪೊಟ್ಟಣದಲ್ಲಿ ಅದನ್ನು ಹಾಕಬೇಕೇ, ಬಿಡಬೇಕೇ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಮೊದಲನೆಯ ಪ್ರಶ್ನೆಯಾಗಿ ಕೊಡಿ.